ಪನ್ನೀರ್ ಗುಲಾಬಿಯ ಮೊಮ್ಮಗಳು

ಮೈಸೂರಿನ ಹಳೇ ಬಡಾವಣೆಗಳ ಹಿತ್ತಲುಗಳಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಪನ್ನೀರ್ ಗುಲಾಬಿ ಗಿಡ ಉಳಿದಿದೆ. ಅದಕ್ಕೆ ಯಾರೂ ಔಷಧಿ ಹೊಡೆಯುವುದಿಲ್ಲ. ಗೊಬ್ಬರವೆಂದರೆ ಅಕ್ಕಿ ತೊಳೆದ ನೀರು. ಆದರೂ ವರ್ಷವಿಡೀ ಹೂ ಬಿಡುತ್ತಲೇ ಇರುತ್ತದೆ. ಒಂದು ಹೂವನ್ನು ದೇವರ ಮನೆಯಲ್ಲಿಟ್ಟರೆ ನಡುಮನೆಯವರೆಗೆ ಘಮ ಬರುತ್ತದೆ. ತೊಂದರೆ ಏನೆಂದರೆ, ಬೆಳಿಗ್ಗೆ ಅರಳಿದ ಹೂ ಸಂಜೆ ಹೊತ್ತಿಗೆ ಎಸಳು ಉದುರಿಸಲು ಶುರು ಮಾಡುತ್ತದೆ. ಗಿಡವೂ ಕೋಲುಕೋಲಾಗಿ ಆಳೆತ್ತರ ಎದ್ದು, ಕೆಳಗೆಲ್ಲ ಬೋಳಾಗಿ, ತುದಿಯಲ್ಲಿ ಮಾತ್ರ ಹೂ ಹೊತ್ತು ನಿಲ್ಲುತ್ತದೆ. ಈ ಪರಿಮಳವನ್ನು ಉಳಿಸಿಕೊಂಡು, ಬುಡದಿಂದಲೇ ಕವಲೊಡೆದು ಪೊದೆಯಾಗುವ, ಹೂ ಮೂರು ದಿನವಾದರೂ ತಾಳುವ, ನಮ್ಮ ಮಳೆಗಾಲವನ್ನು ಔಷಧಿಯಿಲ್ಲದೆ ದಾಟುವ ಗಿಡವೊಂದು ಬೇಕೆಂದು ನನಗೆ ಬಹಳ ವರ್ಷಗಳ ಆಸೆ. ನರ್ಸರಿಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಹಾಗಾಗಿ ಬೀಜದಿಂದಲೇ ಮಾಡಿಕೊಳ್ಳಲು ಹೊರಟೆ.

ಅಂಗಡಿಯ ಗುಲಾಬಿಗೆ ವಾಸನೆ ಇಲ್ಲವೆಂದು ದೂರುವವರು ಬಹಳ ಜನ. ದೊಡ್ಡಬಳ್ಳಾಪುರ, ಹೊಸೂರು ಸುತ್ತಿನ ಪಾಲಿಹೌಸ್‌ಗಳಲ್ಲಿ ಬೆಳೆದ ತಾಜ್ ಮಹಲ್, ಫಸ್ಟ್ ರೆಡ್‌ನಂಥ ತಳಿಗಳನ್ನು ಮಾಡಿದವರ ಗುರಿಯೇ ಬೇರೆಯಾಗಿತ್ತು. ಉದ್ದ ನೆಟ್ಟನೆಯ ಕಾಂಡ, ಪೆಟ್ಟಿಗೆಯಲ್ಲಿ ದೂರ ಹೋದರೂ ಕಂದದ ದಪ್ಪ ಎಸಳು, ಹೂದಾನಿಯಲ್ಲಿ ಹೆಚ್ಚು ದಿನದ ಬಾಳಿಕೆ, ಇಷ್ಟಕ್ಕಾಗಿ ಆರಿಸುತ್ತ ಹೋದಾಗ ಪರಿಮಳ ಹಿಂದೆ ಬಿತ್ತು. ಅದನ್ನು ಮರಳಿ ತರಲು ಕೆಲಸ ಮಾಡಿದವರು ನಮ್ಮಲ್ಲೂ ಇದ್ದಾರೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಮಹಾನಿರ್ದೇಶಕರಾಗಿದ್ದ ಗೋಧಿ ವಿಜ್ಞಾನಿ ಬಿ. ಪಿ. ಪಾಲ್ ಗುಲಾಬಿ ತಳಿಗಳನ್ನೂ ಮಾಡಿದವರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕ ಪರಿಮಳ ಎಂಬ ತಳಿಯನ್ನು ಕೊಟ್ಟಿದೆ. ಕೊಡೈಕೆನಾಲ್‌ನಲ್ಲಿ ಎಂ. ಎಸ್. ವೀರರಾಘವನ್ ಅವರು ಭಾರತದ ಕಾಡುಗುಲಾಬಿಗಳನ್ನೇ ಬಳಸಿ ಬೆಚ್ಚನೆಯ ಹವೆಗೆ ಹೊಂದುವ ಗುಲಾಬಿಗಳನ್ನು ಮಾಡಿದರು. ಚಳಿದೇಶದಲ್ಲಿ ಹುಟ್ಟಿದ ಗುಲಾಬಿ ನಮ್ಮಲ್ಲಿ ಕೊರಗುವುದು ಸಹಜ, ನಮ್ಮ ಹವೆಗೆ ನಮ್ಮ ಗುಲಾಬಿಯೇ ಆಗಬೇಕು ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾದದ್ದು ಇವರ ಕೆಲಸ ನೋಡಿ.

ಪನ್ನೀರ್ ಗುಲಾಬಿಯನ್ನು ಎಲ್ಲರೂ ನಾಟಿ ಎನ್ನುತ್ತಾರೆ. ನರ್ಸರಿಯವರು ಎಡ್ವರ್ಡ್ ಎಂದು ಕರೆದು ಕಸಿಗೆ ಬೇರುಗಿಡವಾಗಿ ಬಳಸುತ್ತಾರೆ. ಅದು ಬೋರ್ಬನ್ ಗುಂಪಿನ ಗುಲಾಬಿ. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪಕ್ಕೆ ಆಗಿನ ಹೆಸರು ಬೋರ್ಬನ್. ಅಲ್ಲಿನ ರೈತರು ಹೊಲದ ಬೇಲಿಗೆ ಎರಡು ಜಾತಿಯ ಗುಲಾಬಿ ನೆಡುತ್ತಿದ್ದರು, ಚೀನಾ ಮೂಲದ ಓಲ್ಡ್ ಬ್ಲಶ್ ಮತ್ತು ವರ್ಷದಲ್ಲಿ ಎರಡನೇ ಸಲವೂ ಹೂಬಿಡುವ ಡಮಾಸ್ಕ್. ಇವೆರಡರ ನಡುವೆ ಜೇನುನೊಣಗಳೇ ಮಾಡಿದ ಸಂಕರ ಈ ಗುಂಪಿನ ಮೂಲವೆಂದು ಗುಲಾಬಿ ಬಲ್ಲವರು ಹೇಳುತ್ತಾರೆ. 1817ರ ಸುಮಾರಿಗೆ ಬ್ರಿಯೋನ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಅದನ್ನು ಗುರುತಿಸಿದ, ಅವನು ಕಳಿಸಿದ ಬೀಜ ಫ್ರಾನ್ಸಿನಲ್ಲಿ ಮೊಳೆಯಿತು. ಅಂದರೆ ಡಮಾಸ್ಕಿನ ಘಮ, ಚೀನಾ ಗುಲಾಬಿಯ ನಿರಂತರ ಹೂ, ಎರಡೂ ನಮ್ಮ ಹಿತ್ತಲಿನ ಗಿಡದೊಳಗೆ ಆಗಲೇ ಕೂತಿವೆ.

ಈ ನಿರಂತರ ಹೂವಿನ ವಿಷಯವನ್ನು ಹೊಸದಾಗಿ ಕ್ರಾಸ್ ಮಾಡಲು ಹೊರಡುವವರು ಮೊದಲೇ ತಿಳಿದಿರಬೇಕು. ಇಂಗ್ಲೆಂಡಿನ ಗುಲಾಬಿ ತಳಿಗಾರ ಡೇವಿಡ್ ಆಸ್ಟಿನ್ ಬೆಲ್ ಐಸಿಸ್ ಎಂಬ, ಯುರೋಪಿನ ಹಳೆಯ ಗ್ಯಾಲಿಕಾ ಗುಂಪಿನ ಗುಲಾಬಿಯನ್ನೂ ಡೇಂಟಿ ಮೇಡ್ ಎಂಬ, ಗೊಂಚಲಲ್ಲಿ ಹೂಬಿಡುವ ಫ್ಲೋರಿಬಂಡಾ ಗುಂಪಿನದನ್ನೂ ಸೇರಿಸಿ 1961ರಲ್ಲಿ ಕಾನ್‌ಸ್ಟನ್ಸ್ ಸ್ಪ್ರೈ ಎಂಬ ಗುಲಾಬಿ ತಂದರು. ಅಷ್ಟು ದೊಡ್ಡ, ಅಷ್ಟು ಸುವಾಸನೆಯ ಹೂ ವರ್ಷಕ್ಕೆ ಒಂದೇ ಸಲ ಬಿಡುತ್ತಿತ್ತು. ಮತ್ತೆ ಮತ್ತೆ ಹೂಬಿಡುವ ಗುಣ ರಿಸೆಸಿವ್, ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿನಲ್ಲಿ ಕಾಣಿಸುತ್ತದೆ. ಅದಕ್ಕೇ ಆಸ್ಟಿನ್ ಅದರ ಮಕ್ಕಳನ್ನು ಮತ್ತೆ ನಿರಂತರ ಹೂಬಿಡುವ ಗುಲಾಬಿಗಳೊಂದಿಗೆ ಸೇರಿಸುತ್ತ ಹೋಗಬೇಕಾಯಿತು. 1983ರ ಗ್ರಹಾಂ ಥಾಮಸ್, ಮೇರಿ ರೋಸ್ ಬಂದಮೇಲೆಯೇ ಅವರ ಪೊದೆಗುಲಾಬಿಗಳು ಲೋಕಪ್ರಸಿದ್ಧವಾದದ್ದು. ಪನ್ನೀರನ್ನು ತಂದೆಯಾಗಿ ಆರಿಸಿದ ನನಗೆ ಆ ಸುತ್ತುಬಳಸು ತಪ್ಪಿತು.

ತಾಯಿಯಾಗಿ ಆರಿಸಿದ್ದು ಐಸ್‌ಬರ್ಗ್. 1958ರಲ್ಲಿ ಜರ್ಮನಿಯ ಕೊರ್ಡೆಸ್ ಸಂಸ್ಥೆಯಿಂದ ಬಂದ ಈ ಬಿಳಿ ಫ್ಲೋರಿಬಂಡಾ ಬೆಂಗಳೂರು ಮೈಸೂರಿನ ಎಷ್ಟೋ ಕೈತೋಟಗಳಲ್ಲಿದೆ. ಗಿಡ ತುಂಬಿಕೊಂಡು ಬೆಳೆಯುತ್ತದೆ, ಮುಳ್ಳು ಕಡಿಮೆ, ಗೊಂಚಲು ಗೊಂಚಲು ಹೂ, ಕಾಯಿಯೂ ಸಲೀಸಾಗಿ ಕಚ್ಚುತ್ತದೆ. ಘಮ ಮಾತ್ರ ತೆಳು.

ನಮ್ಮಲ್ಲಿ ಕ್ರಾಸ್ ಮಾಡಲು ಹದವಾದ ಕಾಲ ಡಿಸೆಂಬರ್, ಜನವರಿ. ಮಳೆ ನಿಂತಮೇಲೆ ಅಕ್ಟೋಬರ್‌ನಲ್ಲಿ ಗಿಡ ಸವರಿದರೆ ಚಳಿ ಹಿಡಿಯುವ ಹೊತ್ತಿಗೆ ಮೊಗ್ಗು ಬರುತ್ತದೆ. ತಾಯಿಗಿಡದ ಮೊಗ್ಗು ಬಣ್ಣ ತೋರಿಸಿರಬೇಕು, ಆದರೆ ಬಿಚ್ಚಿರಬಾರದು. ಬಿಚ್ಚಿದರೆ ಜೇನು ಹೊಕ್ಕು ಹೋಗಿರುತ್ತದೆ, ಇಲ್ಲವೇ ಅದರದೇ ಪರಾಗ ಉದುರಿರುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಎಸಳುಗಳನ್ನು ಒಂದೊಂದಾಗಿ ಬುಡಕ್ಕೇ ಕೀಳುತ್ತೇನೆ, ಚೂರು ಉಳಿದರೂ ಅದು ಕೊಳೆತು ಕಾಯಿಗೆ ಬೂಸ್ಟು ತರುತ್ತದೆ. ಆಮೇಲೆ ಚಿಮುಟದಿಂದ ಸುತ್ತಲ ಕೇಸರಗಳನ್ನೆಲ್ಲ ತೆಗೆಯುವುದು. ನಡುವೆ ಬ್ರಷ್ಷಿನ ತುದಿಯಂತೆ ಒತ್ತಾಗಿ ನಿಂತ ಶಲಾಕೆಗಳು, ಅಂದರೆ ಹೂವಿನ ಹೆಣ್ಣು ಭಾಗ, ಮಾತ್ರ ಉಳಿಯುತ್ತವೆ. ಅದಕ್ಕೆ ಬಟರ್ ಪೇಪರಿನ ಚಿಕ್ಕ ಚೀಲ ಕಟ್ಟಿ ಬಿಡುವುದು.

ತಂದೆ ಹೂವಿನ ಕೇಸರಗಳನ್ನು ಹಿಂದಿನ ದಿನವೇ ಬಿಳಿ ಕಾಗದದ ಮೇಲೆ ಹರಡಿ ನೆರಳಲ್ಲಿಟ್ಟಿರಬೇಕು. ಮಾರನೇ ದಿನಕ್ಕೆ ಅವು ಸಿಡಿದು ಹಳದಿ ಪುಡಿ ಬಿಟ್ಟಿರುತ್ತವೆ. ಒಣಗಿದ ಪರಾಗವನ್ನು ಸಣ್ಣ ಶೀಶೆಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ಬಾಳುತ್ತದೆ, ತಂದೆ ತಾಯಿ ಒಂದೇ ದಿನ ಅರಳಲೇಬೇಕೆಂಬ ಗೋಜಿಲ್ಲ. ಚೀಲ ತೆಗೆದು ನೋಡಿದಾಗ ಶಲಾಕೆಯ ತುದಿ ಅಂಟಂಟಾಗಿ ಮಿನುಗುತ್ತಿದ್ದರೆ ಸಮಯ ಬಂತೆಂದು ಅರ್ಥ. ನಾನು ಬೆರಳಿನಿಂದಲೇ ಹಚ್ಚುತ್ತೇನೆ, ಬ್ರಷ್ಷಾದರೆ ಬೇರೆ ಪರಾಗ ಎಳೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಮರುದಿನ ಇನ್ನೊಮ್ಮೆ ಹಚ್ಚಿ, ತೊಟ್ಟಿಗೆ ಉಣ್ಣೆದಾರ ಕಟ್ಟಿ, ಪುಸ್ತಕದಲ್ಲಿ ಬರೆದಿಡುತ್ತೇನೆ. ಒಂದೊಂದು ಕ್ರಾಸಿಗೆ ಒಂದೊಂದು ಬಣ್ಣದ ದಾರ. ಚೀಟಿಯ ಶಾಯಿ ಮಳೆಗೆ ಹೋಗುತ್ತದೆ, ದಾರದ ಬಣ್ಣ ಉಳಿಯುತ್ತದೆ.

ಎರಡು ಮೂರು ವಾರದಲ್ಲಿ ಫಲ ಗೊತ್ತಾಗುತ್ತದೆ. ಕಚ್ಚದ್ದು ಹಳದಿಯಾಗಿ ಉದುರುತ್ತದೆ, ಕಚ್ಚಿದ್ದರ ಬುಡ ಉಬ್ಬಿ ಹಸಿರಾಗಿ ನಿಲ್ಲುತ್ತದೆ. ಕಾಯಿ ಹಣ್ಣಾಗಿ ಕಿತ್ತಳೆ ಬಣ್ಣಕ್ಕೆ ತಿರುಗಲು ಸುಮಾರು ನಾಲ್ಕು ತಿಂಗಳು. ಏಪ್ರಿಲ್ ಬಿಸಿಲಿನಲ್ಲಿ ಅವನ್ನು ಅಳಿಲುಗಳಿಂದ ಕಾಯುವುದೂ ಒಂದು ಕೆಲಸ, ಸೊಳ್ಳೆಪರದೆಯ ತುಂಡು ಕಟ್ಟಿದರೆ ಸಾಕು. ಹಣ್ಣು ಸೀಳಿದರೆ ನವಿರು ರೋಮಗಳ ನಡುವೆ ಗಟ್ಟಿ ಬೀಜ. ರೋಮ ತಾಗಿದರೆ ತುರಿಕೆ, ಕೈಗವಸು ಇರಲಿ.

ಈ ಬೀಜವನ್ನು ನೇರವಾಗಿ ಮಣ್ಣಿಗೆ ಹಾಕಿದರೆ ಏಳುವುದು ಅಪರೂಪ. ಗುಲಾಬಿಯ ಹುಟ್ಟೂರುಗಳು ಹೆಚ್ಚಿನವು ಚಳಿಗಾಲ ಕಾಣುವ ಜಾಗಗಳು, ಚಳಿ ಕಳೆಯಿತೆಂಬ ಗುರುತು ಸಿಗದೆ ಬೀಜ ಮೊಳೆಯುವುದಿಲ್ಲ. ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಜಿಪ್ ಕವರಿನಲ್ಲಿ ಹಾಕಿ, 4 ಡಿಗ್ರಿ ಆಸುಪಾಸಿನಲ್ಲಿ ಫ್ರಿಜ್ಜಿನ ತರಕಾರಿ ತಟ್ಟೆಯಲ್ಲಿ ಎರಡು ಮೂರು ತಿಂಗಳು ಇಡುವುದೇ ದಾರಿ. ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ನನ್ನ ಗುಲಾಬಿಗಳು ಚಳಿಗಾಲ ಕಳೆದವು. ಬಿತ್ತನೆಯನ್ನು ನಾನು ನವೆಂಬರ್‌ಗೆ ಇಟ್ಟುಕೊಂಡೆ, ಬೇಸಿಗೆ ಮಳೆಗಾಲಗಳಲ್ಲಿ ಎಳೆ ಸಸಿ ಬುಡ ಕೊಳೆತು ಬೀಳುವುದು ಹೆಚ್ಚು. ಕೋಕೋಪೀಟ್ ಮತ್ತು ಪರ್ಲೈಟ್ ಬೆರೆಸಿದ ಟ್ರೇ, ನೀರು ಕೆಳಗಿನಿಂದ. ಅಷ್ಟು ಮಾಡಿಯೂ ಎದ್ದದ್ದು ಬಿತ್ತಿದ್ದರ ಒಂದು ಸಣ್ಣ ಪಾಲು, ಗುಲಾಬಿ ಬೀಜದ ಸ್ವಭಾವವೇ ಅದು.

ನಿರಂತರ ಹೂಬಿಡುವ ಗುಲಾಬಿಯ ಸಸಿ ಎರಡು ತಿಂಗಳಿಗೆಲ್ಲ, ಗೇಣುದ್ದವೂ ಇಲ್ಲದಾಗಲೇ, ಮೊದಲ ಮೊಗ್ಗು ತೋರಿಸುತ್ತದೆ. ಎಲ್ಲ ಹೂಗಿಂತ ಮೊದಲು ಅದರ ಹತ್ತಿರ ಮೂಗು ಒಯ್ಯುವ ಆತುರವನ್ನು ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ. ಆದರೆ ಆ ಹೂವಿನ ಮೇಲೆ ತೀರ್ಪು ಕೊಡಬಾರದು. ಎಸಳು ಕಡಿಮೆ ಇರುತ್ತವೆ, ಬಣ್ಣ ತಿಳಿ, ಘಮ ಇನ್ನೂ ಕೂಡಿರುವುದಿಲ್ಲ. ಎರಡನೇ ವರ್ಷದ ಹೂ ನೋಡಿಯೇ ಮಾತಾಡಬೇಕು.

ಮೊದಲ ತಲೆಮಾರಿನ ಸಸಿಗಳು ಹೆಚ್ಚಿನವು ತಿಳಿ ಗುಲಾಬಿ ಬಣ್ಣದ, ಆರೋಗ್ಯವಾದ, ಪರಿಮಳವಿಲ್ಲದ ಗಿಡಗಳು. ಇದು ನಿರೀಕ್ಷಿತವೇ. ಘಮ ಒಂದೇ ಗುಂಡಿ ಒತ್ತಿದರೆ ಬರುವಂಥದ್ದಲ್ಲ. ಡಮಾಸ್ಕ್ ಘಮದಲ್ಲಿ ಜೆರಾನಿಯಾಲ್, ಸಿಟ್ರೊನೆಲಾಲ್, ಫಿನೈಲ್ ಎಥೆನಾಲ್ ಸೇರಿವೆ, ಚೀನಾ ಗುಲಾಬಿಗಳಿಂದ ಬಂದ ಟೀ ಘಮಕ್ಕೆ ಬೇರೆ ರಾಸಾಯನಿಕಗಳು ಕಾರಣ. ಒಂದೊಂದನ್ನೂ ಎಸಳಿನ ಜೀವಕೋಶ ಬೇರೆ ಬೇರೆ ದಾರಿಯಲ್ಲಿ ತಯಾರಿಸುತ್ತದೆ. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳ ತಂಡ ಘಮಘಮಿಸುವ ಪಾಪಾ ಮೆಯಾಂ ಮತ್ತು ಘಮವಿಲ್ಲದ ರೂಜ್ ಮೆಯಾಂ ಗುಲಾಬಿಗಳನ್ನು ಹೋಲಿಸಿ, ಜೆರಾನಿಯಾಲ್ ತಯಾರಿಯಲ್ಲಿ ನುಡಿಕ್ಸ್ ಎಂಬ ಗುಂಪಿನ ಕಿಣ್ವವೊಂದು ಕೆಲಸ ಮಾಡುತ್ತದೆಂದು ತೋರಿಸಿತು. ಬೇರೆ ಹೂಗಳು ಈ ಕೆಲಸಕ್ಕೆ ಬಳಸುವ ದಾರಿ ಅದಲ್ಲ. ಆ ಕಿಣ್ವ ಎಸಳಿನಲ್ಲಿ ಸಾಕಷ್ಟು ತಯಾರಾಗದಿದ್ದರೆ ಆ ಘಮ ಹುಟ್ಟುವುದಿಲ್ಲ. ಸುವಾಸನೆಯ ತಂದೆ ತಾಯಿಗೂ ವಾಸನೆಯಿಲ್ಲದ ಮಕ್ಕಳು ಹುಟ್ಟುತ್ತವೆ. ಹಾಗಾಗಿ ಪರಿಮಳ ಬೇಕೆನ್ನುವವರು ಹೆಚ್ಚು ಸಸಿ ಎಬ್ಬಿಸಬೇಕು, ಹೆಚ್ಚು ಸಸಿ ಕಿತ್ತೆಸೆಯಬೇಕು.

ಆ ತಲೆಮಾರಿನಲ್ಲಿ ಒಂದು ಸಸಿಯ ಎಲೆ ಇಡೀ ಮಳೆಗಾಲ ಹಸಿರಾಗಿತ್ತು, ಬೆಳಗಿನ ಹೊತ್ತು ಪನ್ನೀರಿನ ಎಳೆಯೊಂದು ಅದರ ಹೂವಿನಲ್ಲಿ ಸಿಗುತ್ತಿತ್ತು. ಅದನ್ನು ತಾಯಿ ಮಾಡಿಕೊಂಡು ಮುಂದಿನ ಚಳಿಗಾಲದಲ್ಲಿ ಎರಡು ದಾರಿ ಹಿಡಿದೆ. ಅರ್ಧ ಮೊಗ್ಗುಗಳಿಗೆ ಮತ್ತೆ ಪನ್ನೀರಿನ ಪರಾಗ, ಇನ್ನರ್ಧಕ್ಕೆ ಆಸ್ಟಿನ್ ಅವರ ಅಬ್ರಹಾಂ ಡಾರ್ಬಿಯದು. ಏಪ್ರಿಕಾಟ್ ಬಣ್ಣದ, ಬಟ್ಟಲಿನಾಕಾರದ ಆ ಹೂವಿಗೆ ಹಣ್ಣಿನ ಘಮವಿದೆ. ಪನ್ನೀರಿಗೆ ಹಾಕಿದವುಗಳಲ್ಲಿ ಪರಿಮಳ ಧಾರಾಳವಾಗಿ ಬಂತು, ಜೊತೆಗೆ ಕೋಲು ಗಿಡವೂ ಬಂತು. ಅಬ್ರಹಾಂ ಡಾರ್ಬಿಯ ಮಕ್ಕಳಲ್ಲಿ ನಾನು ಕಾಯುತ್ತಿದ್ದದ್ದು ಕಂಡಿತು.

ಅಲ್ಲಿ ಎರಡು ಅಕ್ಕತಂಗಿಯರು ನನ್ನನ್ನು ಬಹಳ ಕಾಡಿದರು. ಒಂದೇ ಕ್ರಾಸಿನವಾದರೂ ಗುರುತಿಗೆಂದು ಇವೆರಡಕ್ಕೆ ಬೇರೆ ಬೇರೆ ದಾರ ಕಟ್ಟಿದ್ದೆ. ಕೆಂಪು ದಾರದ್ದು ಹೂವಿನ ಚೆಲುವೆ. ಎಸಳಿನೊಳಗೆ ಎಸಳು ತುಂಬಿ, ನಡುವೆ ನಾಲ್ಕು ಭಾಗವಾಗಿ ಮಡಿಚಿಕೊಂಡ ಹಳೆಗಾಲದ ರೂಪ, ಮೂಗಿಗೆ ಹತ್ತಿರ ತರುವ ಮುಂಚೆಯೇ ತಲುಪುವ ಘಮ. ನೀಲಿ ದಾರದ್ದು ಅಷ್ಟು ಎಸಳಿಲ್ಲದ, ಅಲುಗಾಡಿಸಿದರೆ ನಡುವಿನ ಹಳದಿ ಕೇಸರ ಕಾಣುವ ಸಡಿಲ ಹೂ. ಗಿಡ ಮಾತ್ರ ಮೊಣಕಾಲಿನಿಂದ ಸೊಂಟದವರೆಗೆ ಎಲೆ ತುಂಬಿಕೊಂಡು ನಿಂತಿತ್ತು.

ನಾನು ಸಸಿಗಳಿಗೆ ಔಷಧಿ ಹೊಡೆಯುವುದಿಲ್ಲ. ಕಪ್ಪು ಚುಕ್ಕೆ ರೋಗದ ಬೂಸ್ಟಿನ ಕಣ ಎಲೆಯೊಳಕ್ಕೆ ಇಳಿಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಸಾಕು. ನಮ್ಮ ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಅದು ದಿನವೂ ಸಿಗುತ್ತದೆ. ಔಷಧಿಯ ಆಸರೆಯಲ್ಲಿ ಬೆಳೆದ ಸಸಿಯನ್ನು ಆರಿಸಿದರೆ ಅದನ್ನು ಕೊಂಡವರೆಲ್ಲರೂ ವಾರವಾರ ಔಷಧಿ ಹೊಡೆಯುತ್ತ ಕೂರಬೇಕು. ಸುವಾಸನೆಯ ಹೂವೆಂದರೆ ಜನ ಮೂಗಿಗಿಡುತ್ತಾರೆ, ಮುಡಿಯುತ್ತಾರೆ, ಎಸಳು ಬಿಡಿಸಿ ಗುಲ್ಕಂದ್ ಹಾಕುತ್ತಾರೆ. ಅಂಥ ಹೂವಿನ ಮೇಲೆ ವಿಷ ಇರಬಾರದು. ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವವಳಲ್ಲ. ಸೆಪ್ಟೆಂಬರ್ ಹೊತ್ತಿಗೆ ಕೆಂಪು ದಾರದ ಕೆಳಗಿನ ಎಲೆಗಳೆಲ್ಲ ಹಳದಿಯಾಗಿ ಉದುರಿದ್ದವು. ನೀಲಿ ದಾರದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ.

ಆದರೂ ಕೆಂಪನ್ನು ಬಿಡಲು ಮನಸ್ಸು ಬರಲಿಲ್ಲ. ಎರಡರ ಕಣ್ಣನ್ನೂ, ಅಂದರೆ ಚಿಗುರೊಡೆಯುವ ಕುಡಿಮೊಗ್ಗನ್ನು, ಬೇರುಗಿಡಗಳ ಮೇಲೆ ಕೂರಿಸಿದೆ. ತೊಗಟೆಯಲ್ಲಿ ಟಿ ಆಕಾರದ ಸೀಳು, ಅದರೊಳಗೆ ಕಣ್ಣು, ಮೇಲೆ ಪ್ಲಾಸ್ಟಿಕ್ ಪಟ್ಟಿ. ಗಿಡಗಳು ಚಿಗುರಿದ ಮೇಲೆ ಒಂದು ಜೊತೆ ಮಡಿಕೇರಿಯಲ್ಲಿರುವ ಅಣ್ಣನ ಮನೆಗೂ ಇನ್ನೊಂದು ಜೊತೆ ಬಳ್ಳಾರಿಯ ಗೆಳತಿಯ ಮನೆಗೂ ಹೋದವು. ನಮ್ಮ ರಾಜ್ಯದ ಮಳೆಯ ತುದಿ ಒಂದು ಕಡೆ, ಬಿಸಿಲಿನ ತುದಿ ಇನ್ನೊಂದು ಕಡೆ. ಜುಲೈನಲ್ಲಿ ಅಣ್ಣ ಫೋನ್ ಮಾಡಿ, "ನಿನ್ನ ಕೆಂಪು ದಾರ ಮೊಗ್ಗಲ್ಲೇ ಕೊಳೀತಾ ಇದೆ ಕಣೆ, ಒಂದೂ ಬಿಚ್ಚಲಿಲ್ಲ. ಇನ್ನೊಂದು ಮಳೇಲೂ ಅರಳ್ತಿದೆ" ಎಂದ. ಎಸಳು ಬಹಳ ಒತ್ತಾಗಿದ್ದರೆ ಹೊರಗಿನ ಎಸಳು ನೀರು ಕುಡಿದು ಅಂಟಿಕೊಂಡು ಮೊಗ್ಗು ಒಳಗೇ ಕೊಳೆಯುತ್ತದೆ. ಇಂಗ್ಲೆಂಡಿನ ಮಳೆಯಲ್ಲೂ ತುಂಬುಹೂಗಳಿಗೆ ಇದೇ ಗತಿ. ಅಂದಿಗೆ ಕೆಂಪು ದಾರದ ಮಾತು ಮುಗಿಯಿತು. ಅದರ ಒಂದು ಗಿಡವನ್ನು ಮಾತ್ರ ಸೂರಿನ ಕೆಳಗೆ ಇಟ್ಟುಕೊಂಡಿದ್ದೇನೆ, ಪರಾಗಕ್ಕೆ.

ಇನ್ನು ನೀಲಿ ದಾರದ ಘಮ ಸಾಲುತ್ತದೆಯೇ ಎಂಬ ಪ್ರಶ್ನೆ. ಘಮ ಅಳೆಯಲು ನನ್ನ ಹತ್ತಿರ ಯಂತ್ರವಿಲ್ಲ, ಮೂಗುಗಳಿವೆ. ಒಬ್ಬರ ಮೂಗನ್ನು ನಂಬಬಾರದು. ಒಂದು ಸಸಿಯ ಹೂ ಮೂಸಿ ನಮ್ಮ ಮನೆಯವರು "ಇದಕ್ಕೆ ವಾಸನೆಯೇ ಇಲ್ಲವಲ್ಲ" ಎಂದರೆ ಮಗಳು ಅದನ್ನು ಕೈಯಿಂದ ಬಿಡಲೇ ಇಲ್ಲ. ಗುಲಾಬಿಯ ಘಮದಲ್ಲಿರುವ ಅಯೊನೋನ್ ಎಂಬ ಅಂಶ ಹುಟ್ಟಿನಿಂದಲೇ ಕೆಲವರ ಮೂಗಿಗೆ ತಾಗುವುದಿಲ್ಲ, ಮೂಗಿನಲ್ಲಿ ವಾಸನೆ ಹಿಡಿಯುವ ಒಂದು ಗ್ರಾಹಕದ ಜೀನಿನಲ್ಲಿರುವ ವ್ಯತ್ಯಾಸ ಅದಕ್ಕೆ ಕಾರಣ. ಆದ್ದರಿಂದ ಮನೆಗೆ ಬಂದವರಿಗೆಲ್ಲ ಕಾಫಿಯ ಮುಂಚೆ ಹೂ ಕೊಡುವ ರೂಢಿ ಮಾಡಿಕೊಂಡೆ. ಕಾಫಿ ಕುಡಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಅರೆಬಿರಿದ ಹೂವನ್ನು ಬೆಳಿಗ್ಗೆ ಏಳರ ಹೊತ್ತಿಗೊಮ್ಮೆ, ಬಿಸಿಲೇರಿದ ಮೇಲೊಮ್ಮೆ, ಕಿತ್ತು ಮುಚ್ಚಿದ ಕೋಣೆಯಲ್ಲಿಟ್ಟು ಸಂಜೆಗೊಮ್ಮೆ ಮೂಸಬೇಕು. ಬೆಳಿಗ್ಗೆ ಜೋರಾಗಿದ್ದು ಹತ್ತು ಗಂಟೆಗೆ ಆರಿಹೋಗುವ ಹೂಗಳೇ ಹೆಚ್ಚು. ನೀಲಿ ದಾರದ ಘಮ ಕೆಂಪಿನಷ್ಟು ಜೋರಲ್ಲ, ಆದರೆ ಕಿತ್ತ ಮಾರನೇ ದಿನವೂ ಉಳಿಯುತ್ತದೆ. ಮೇಲೆ ಪನ್ನೀರು, ತಳದಲ್ಲಿ ಮಾಗಿದ ಸೀಬೆಹಣ್ಣು.

ಒಂದು ದಿನ ಆ ಹೂಗಳನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ದೇವರಾಜ ಮಾರುಕಟ್ಟೆಗೆ ಹೋದೆ. ಪನ್ನೀರ್ ಗುಲಾಬಿಯನ್ನು ತೂಕಕ್ಕೆ ಹಾಕುತ್ತಿದ್ದ ಹೂವಿನವರ ಕೈಗೆ ಕೊಟ್ಟೆ. ಅವರು ಮೂಸುವ ಮುಂಚೆ ಎಸಳು ಜಗ್ಗಿ ನೋಡಿದರು.

"ಇದು ಪನ್ನೀರಲ್ಲ ಅಕ್ಕಾ. ಆದ್ರೆ ಪನ್ನೀರಿನ ವಾಸ್ನೆ ಐತೆ. ಎಷ್ಟೊತ್ನಲ್ಲಿ ಕಿತ್ತಿದ್ದು?"

"ನೆನ್ನೆ ಬೆಳಿಗ್ಗೆ."

"ನೆನ್ನೇದಾ? ಎಸಳು ಇನ್ನೂ ಬಿಟ್ಟಿಲ್ವಲ್ಲ!" ಎಂದು ಪಕ್ಕದ ಅಂಗಡಿಯವರಿಗೂ ಕೊಟ್ಟರು. ಹಾರ ಕಟ್ಟುವವರಿಗೆ ಬೇಕಾದ್ದು ಸೂಜಿ ಹಾಯಿಸಿದಾಗ ಬಿಚ್ಚಿಕೊಳ್ಳದ ಹೂ. ಅವರು ಎರಡು ಹೂ ಪೋಣಿಸಿ ನೋಡಿ, "ಕೆಜಿಗಟ್ಲೆ ಸಿಗೋ ಹಂಗಿದ್ರೆ ತಗೊಂಬನ್ನಿ" ಎಂದರು. ಇಷ್ಟು ವರ್ಷದಲ್ಲಿ ಯಾರ ಹೊಗಳಿಕೆಯೂ ನನಗೆ ಇಷ್ಟು ಸಂತೋಷ ಕೊಟ್ಟಿಲ್ಲ. ದಿನಬೆಳಗಾದರೆ ಗುಲಾಬಿಯಲ್ಲೇ ಕೈಯಾಡಿಸುವವರ ತೀರ್ಪು ಅದು.

ಹೆಸರಿಟ್ಟು ನೋಂದಣಿ ಮಾಡಿಸು ಎಂದು ಗೆಳತಿಯರ ಒತ್ತಾಯ. ಸಸ್ಯ ತಳಿಗಳಿಗೆ ನಮ್ಮಲ್ಲಿ 2001ರ ಕಾಯ್ದೆಯ ರಕ್ಷಣೆ ಇದೆ. ತಳಿ ಹೊಸದಾಗಿರಬೇಕು, ಉಳಿದವುಗಳಿಂದ ಬೇರೆಯಾಗಿ ಕಾಣಬೇಕು, ಗಿಡಗಿಡಕ್ಕೂ ಒಂದೇ ಥರ ಇರಬೇಕು, ತಲೆಮಾರು ಕಳೆದರೂ ಬದಲಾಗಬಾರದು. ಅರ್ಜಿಗೆ ಮುಂಚೆ ದೇಶದೊಳಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮಾರಿರಬಾರದು. ಜಗತ್ತಿನ ಗುಲಾಬಿ ಹೆಸರುಗಳ ದಾಖಲೆ ಇಡುವುದು ಅಮೆರಿಕನ್ ರೋಸ್ ಸೊಸೈಟಿ, ಅಲ್ಲಿ ಹೆಸರು ಸೇರಿಸಲು ಈ ರಕ್ಷಣೆ ಬೇಕಿಲ್ಲ. ಹಣಕ್ಕಾಗಿ ಮಾಡಿದ್ದಲ್ಲವಾದ್ದರಿಂದ ನಾನು ಕಡ್ಡಿ ಕೇಳಿದವರಿಗೆ ಕೊಡುತ್ತಿದ್ದೇನೆ. ಪನ್ನೀರಿನಿಂದ ಬಂದ ಗುಣ, ಕಡ್ಡಿ ಊರಿದರೂ ಬೇರು ಬಿಡುತ್ತದೆ.

ಬಳ್ಳಾರಿಯಿಂದ ಬಂದ ವರದಿ ಮಾತ್ರ ಪೂರ್ತಿ ಸಮಾಧಾನ ತಂದಿಲ್ಲ. ಗಿಡ ಬೇಸಿಗೆ ತಡೆಯಿತು. ಆದರೆ ಏಪ್ರಿಲ್, ಮೇ ಹೂಗಳು ನಾಣ್ಯದಷ್ಟಕ್ಕೆ ಚಿಕ್ಕದಾಗಿ, ಅಂಚು ಸುಟ್ಟು, ಘಮ ಬೆಳಗಿನ ಜಾವಕ್ಕೆ ಮಾತ್ರ ಉಳಿಯಿತು. ಇದಕ್ಕೆ ನನ್ನ ಕಣ್ಣಿರುವುದು ರೋಸಾ ಕ್ಲೈನೋಫಿಲಾ ಮೇಲೆ. ನಮ್ಮ ದೇಶದ ನದಿದಂಡೆ, ಜೌಗುಗಳ ಬಿಸಿಗೂ ನೆರೆಗೂ ಒಗ್ಗಿದ ಬಿಳಿ ಕಾಡುಗುಲಾಬಿ ಅದು. ಅದರ ಕ್ರೋಮೋಸೋಮ್ 14, ಹೆಚ್ಚಿನ ತೋಟದ ಗುಲಾಬಿಗಳದು 28. ಎರಡೂ ಸೇರಿದರೆ, ತಂದೆ ತಾಯಿ ತಮ್ಮದರಲ್ಲಿ ಅರ್ಧರ್ಧ ಕೊಡುವುದರಿಂದ, ಮಕ್ಕಳಲ್ಲಿ 21 ಬಂದು ಬಹುಪಾಲು ಬಂಜೆಯಾಗುತ್ತವೆ. ಹಾಗಾಗಿ ನೇರವಾಗಿ ನೀಲಿ ದಾರಕ್ಕೆ ಹಾಕುವ ಬದಲು ಈ ಡಿಸೆಂಬರ್‌ನಲ್ಲಿ 14ರ ಗುಂಪಿನದೇ ಆದ ಓಲ್ಡ್ ಬ್ಲಶ್‌ನ ಮೊಗ್ಗಿಗೆ ಅದರ ಪರಾಗ ಹಾಕುತ್ತೇನೆ. ಪನ್ನೀರಿನ ಒಬ್ಬ ಹಿರಿಯಳ ಕಡೆಯಿಂದಲೇ ಒಳಹೊಗುವ ದಾರಿ ಇದು. ಕಾಡುಗುಲಾಬಿಯ ರಕ್ತ ಸೇರಿದ್ದರಿಂದ ಮೊದಲ ತಲೆಮಾರು ವರ್ಷಕ್ಕೊಮ್ಮೆಯೇ ಹೂಬಿಟ್ಟೀತು. ಅವುಗಳನ್ನು ಮತ್ತೆ ಓಲ್ಡ್ ಬ್ಲಶ್‌ಗೆ ಸೇರಿಸಿ ನಿರಂತರ ಹೂವಿನ ಸಸಿಗಳನ್ನು ಆರಿಸಿಕೊಂಡ ಮೇಲೆಯೇ ನೀಲಿ ದಾರದ ಹತ್ತಿರ ತರುವ ಯೋಚನೆ, 21ರ ತೊಡಕು ಆಗಲೂ ಎದುರಾದೀತು.